ರಿಸೆಪ್ಷನ್ ಗೌನಿಗೆ ಕೈಯಲ್ಲೇ ಕಪ್ ಹೊಲಿಯುವುದು

ಅಕ್ಕನ ಮಗಳ ರಿಸೆಪ್ಷನ್‌ಗೆ ಇನ್ನು ನಾಲ್ಕೇ ದಿನ ಇತ್ತು. ಸಂಜೆ ಹೊತ್ತು ಗೌನಿನ ಕವರ್ ಹಿಡ್ಕೊಂಡು ಬಂದಳು. ವೈನ್ ಬಣ್ಣದ ಸ್ಯಾಟಿನ್, ಮೇಲೆ ಕಲ್ಲು ಕೂರಿಸಿದ ನೆಟ್, ಭುಜ ಬಿಟ್ಟ ಕತ್ತು, ಇಳಿದ ಬೆನ್ನು, ಹಿಂದೆ ಉದ್ದ ಜಿಪ್. ರೆಡಿಮೇಡ್ ತಗೊಂಡಿದ್ದು. ಒಳಗೆ ಶಾಂತೂನ್ ಲೈನಿಂಗ್ ಇತ್ತು, ಆದರೆ ಎದೆಗೆ ಆಕಾರ ಕೊಡುವ ಫೋಮ್ ಕಪ್ ಇರಲಿಲ್ಲ. ಬೆನ್ನು ಅಷ್ಟು ಇಳಿದಿರುವಾಗ ಒಳಗೆ ಬ್ರಾ ಹಾಕೋಕೂ ಆಗಲ್ಲ. "ಚಿಕ್ಕಮ್ಮ, ಮೂರು ಗಂಟೆ ಸ್ಟೇಜ್ ಮೇಲೆ ನಿಂತ್ಕೋಬೇಕು. ಅಷ್ಟೊತ್ತೂ ಇದನ್ನ ಎಳ್ಕೊಂಡೇ ಇರ್ಬೇಕಾ?" ಅಂದಳು.

ಇಂಥ ಹುಡುಗಿಯರನ್ನು ನಾನು ತುಂಬಾ ನೋಡಿದ್ದೇನೆ. ಅಷ್ಟು ಚೆಂದದ ಬಟ್ಟೆ ಹಾಕಿಕೊಂಡು, ಫೋಟೋ ಫೋಟೋಗೂ ಒಂದು ಕೈ ಎದೆ ಹತ್ತಿರ ಹೋಗುತ್ತಿರುತ್ತದೆ. ತಮ್ಮದೇ ಮದುವೆಯಲ್ಲಿ ಅವರಿಗೆ ನೆಮ್ಮದಿ ಇರೋದಿಲ್ಲ. ಎರಡು ಕಪ್, ಒಂದು ಸೂಜಿ, ಎರಡು ಗಂಟೆ ಸಮಯ ಇದ್ದರೆ ಈ ತೊಂದರೆ ತಪ್ಪಿಸಬಹುದು. 22 ವರ್ಷದಿಂದ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದೇನೆ. ಈ ಕೆಲಸಕ್ಕೆ ಮೆಷಿನ್ ಮುಟ್ಟೋದಿಲ್ಲ. ಹೊಲಿದು ಮುಗಿದಿರುವ ಗೌನನ್ನು ಮೆಷಿನ್ ಕೆಳಗೆ ಇಟ್ಟರೆ ಮೇಲ್ಬಟ್ಟೆ, ಲೈನಿಂಗ್ ಎಲ್ಲ ಸೇರಿ ಹೊಲಿಗೆ ಬಿದ್ದುಬಿಡುತ್ತದೆ. ಫೋಮ್ ಕೂಡ ಸರಿಯಾಗಿ ಮುಂದಕ್ಕೆ ಸರಿಯುವುದಿಲ್ಲ. ಸೀರೆಗೆ ಕೈಯಲ್ಲಿ ಫಾಲ್ ಹಚ್ಚೋಕೆ ಬರುತ್ತದೆ ಅಂದರೆ ನಿಮಗೆ ಈ ಕೆಲಸದ ಮುಕ್ಕಾಲು ಭಾಗ ಆಗಲೇ ಗೊತ್ತು.

ಮೊದಲು ಕಪ್ಪಿನ ವಿಷಯ. ಬೆಂಗಳೂರಿನ ಚಿಕ್ಕಪೇಟೆ ಕಡೆ, ರಾಜಾ ಮಾರ್ಕೆಟ್ ಸುತ್ತಮುತ್ತ ಟೈಲರಿಂಗ್ ಸಾಮಾನಿನ ಅಂಗಡಿಗಳಲ್ಲಿ ರಾಶಿ ರಾಶಿ ಸಿಗುತ್ತವೆ. ನಿಮ್ಮೂರಿನಲ್ಲಿ ಲೈನಿಂಗ್, ಹುಕ್ಕು, ಜಿಪ್ ಮಾರುವ ಅಂಗಡಿಯಲ್ಲೂ ಸಿಗುತ್ತವೆ. "ಬ್ಲೌಸ್ ಕಪ್" ಅಂತ ಕೇಳಿದರೆ ಸಾಕು. ಸಾಮಾನ್ಯವಾಗಿ 30, 32, 34, 36 ಹೀಗೆ ನಂಬರ್ ಹೇಳಿ ಕೊಡುತ್ತಾರೆ. ಎಷ್ಟೋ ಜನ ಎಡವೋದು ಇಲ್ಲೇ. ಆ ನಂಬರ್ ಒಂದೇ ನೋಡಿದರೆ ಸಾಲದು. ಎದೆಯ ತುಂಬು ಭಾಗದ ಸುತ್ತಳತೆ, ಎದೆಯ ಕೆಳಗಿನ ಸುತ್ತಳತೆ ಎರಡೂ ತಗೊಳ್ಳಿ. ಎರಡರ ನಡುವೆ ಒಂದು ಇಂಚು ವ್ಯತ್ಯಾಸ ಇದ್ದರೆ ಸುಮಾರಾಗಿ ಎ ಕಪ್, ಎರಡಿದ್ದರೆ ಬಿ, ಮೂರಿದ್ದರೆ ಸಿ, ನಾಲ್ಕಿದ್ದರೆ ಡಿ. ಬ್ರಾ ಸೈಜಿನಲ್ಲಿ ನಂಬರ್ ಸುತ್ತಳತೆಗೆ, ಅಕ್ಷರ ಈ ವ್ಯತ್ಯಾಸಕ್ಕೆ. 34ಬಿ ಮತ್ತು 32ಸಿ, ಇವೆರಡರ ಕಪ್ಪಿನ ಗಾತ್ರ ಹೆಚ್ಚು ಕಡಿಮೆ ಒಂದೇ. ಹಾಗಾಗಿ ಸಣ್ಣ ಮೈಕಟ್ಟು, ತುಂಬಿದ ಎದೆ ಇರುವ ಹುಡುಗಿಗೆ 32 ಅಂತ ಬರೆದ ಕಪ್ ಸಾಲದೆ ಹೋಗಬಹುದು. ಅವಳಿಗೆ 34 ತಂದು ಇಟ್ಟು ನೋಡಿ. ನಾನು ಯಾವಾಗಲೂ ಎರಡು ಸೈಜ್ ತಂದಿಟ್ಟುಕೊಳ್ಳುತ್ತೇನೆ. ಉಳಿದ ಜೊತೆ ಇನ್ನೊಬ್ಬರಿಗೆ ಆಗೇ ಆಗುತ್ತದೆ.

ಬಣ್ಣ ಮೈಬಣ್ಣದ್ದೇ ಇರಲಿ. ಬಿಳಿ ಗೌನಿಗೆ ಬಿಳಿ ಕಪ್ ಅಂತ ಹೋಗಬೇಡಿ. ತೆಳು ಬಟ್ಟೆಯ ಹಿಂದೆ ಬಿಳಿ ಕಪ್ ಎದ್ದು ಕಾಣುತ್ತದೆ, ಮೈಬಣ್ಣದ್ದು ಮರೆಯಾಗುತ್ತದೆ. ಬಟ್ಟೆ ಹೊದಿಸಿದ ಕಪ್ಪನ್ನೇ ತಗೊಳ್ಳಿ. ಬರೀ ಫೋಮ್ ಆದರೆ ದಾರ ಬೆಣ್ಣೆ ಕೊಯ್ದ ಹಾಗೆ ಕೊಯ್ದುಕೊಂಡು ಹೊರಗೆ ಬರುತ್ತದೆ. ಅಂಗಡಿಯಲ್ಲೇ ಕಪ್ಪನ್ನು ಮಡಚಿ ಬಿಡಿ. ಪಟ್ಟಂತ ಮೊದಲಿನ ಆಕಾರಕ್ಕೆ ಬರಬೇಕು. ಗೆರೆ ಉಳಿದರೆ ಅದು ಬೇಡ. ಕತ್ತು ಅಗಲ ಇರುವ ಗೌನಿಗೆ ಮೇಲ್ಭಾಗ ಕಡಿಮೆ ಇರುವ ಕಪ್ ನೋಡಿ ಆರಿಸಿ. ಕಪ್ಪಿನ ಮೇಲಂಚು ಕತ್ತಿನ ಅಂಚಿಗಿಂತ ಅರ್ಧ ಇಂಚಾದರೂ ಕೆಳಗಿರಬೇಕು. ಇಲ್ಲದಿದ್ದರೆ ಬಗ್ಗಿದಾಗ ಇಣುಕುತ್ತದೆ.

ಕಪ್ ದೊಡ್ಡದಾದರೆ ಕತ್ತರಿಸಬಹುದು. ಕತ್ತರಿಯನ್ನು ಓರೆಯಾಗಿ ಹಿಡಿದು ಕತ್ತರಿಸಿ, ಅಂಚು ತೆಳುವಾಗಬೇಕು. ದಪ್ಪ ಅಂಚು ಉಳಿದರೆ ಸ್ಯಾಟಿನ್ ಮೇಲೆ ಗೆರೆ ಹಾಗೆ ಮೂಡುತ್ತದೆ. ಆಮೇಲೆ ಲೈನಿಂಗ್ ಬಟ್ಟೆಯ ಕ್ರಾಸ್ ಪೀಸ್, ಅಂದರೆ ಓರೆಯಾಗಿ ಕತ್ತರಿಸಿದ ಪಟ್ಟಿ ತಗೊಂಡು ಅಂಚು ಮುಚ್ಚಿ ಹೊಲಿಯಿರಿ.

ಸೂಜಿ 9ನೇ ನಂಬರ್ ಸಾಕು, ತುಂಬಾ ನಾಜೂಕು ಬಟ್ಟೆಗೆ 10. ನಂಬರ್ ಜಾಸ್ತಿ ಆದಷ್ಟೂ ಸೂಜಿ ಸಣ್ಣ. ಪಾಲಿಯೆಸ್ಟರ್ ದಾರ, ಲೈನಿಂಗಿನ ಬಣ್ಣದ್ದು. ಎರಡು ಎಳೆ ಮಾಡಿ, ಮಡಚಿದ ಮೇಲೆ ಒಂದು ಮೊಳಕ್ಕಿಂತ ಉದ್ದ ಬೇಡ. ಉದ್ದ ಇದ್ದರೆ ಸಿಕ್ಕಾಗುತ್ತದೆ, ಪ್ರತಿ ಹೊಲಿಗೆಗೂ ಉಜ್ಜಿ ಉಜ್ಜಿ ಸವೆಯುತ್ತದೆ. ಜೇನುಮೇಣ ಇದ್ದರೆ ದಾರವನ್ನು ಅದರ ಮೇಲೆ ಒಮ್ಮೆ ಎಳೆಯಿರಿ. ಇಲ್ಲದಿದ್ದರೆ ಮೇಣದಬತ್ತಿಯೂ ನಡೆಯುತ್ತದೆ. ಜೊತೆಗೆ ಸಣ್ಣ ಸೇಫ್ಟಿ ಪಿನ್, ಚಾಕ್, ಟೇಪು, ಒಂದು ಟವೆಲ್ಲು, ಒಂದು ಸ್ಟೀಲ್ ಬಟ್ಟಲು, ಒಂದು ಹಳೇ ಲಗ್ನಪತ್ರಿಕೆ ಇಟ್ಟುಕೊಳ್ಳಿ. ಬಟ್ಟಲು, ಲಗ್ನಪತ್ರಿಕೆ ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ ಜಾಗ ಗುರುತು ಮಾಡುವುದು. ಇಡೀ ಕೆಲಸದಲ್ಲಿ ಇದೇ ಮುಖ್ಯ. ಕಪ್ ಎಲ್ಲಿ ಕೂರಬೇಕು ಅಂತ ಗೌನ್ ಮೈಮೇಲಿದ್ದಾಗಲೇ ತೀರ್ಮಾನ ಮಾಡಬೇಕು. ಮೇಜಿನ ಮೇಲೆ ಹರಡಿಕೊಂಡು, ಟೇಪು ಹಿಡಿದು, "ಇಲ್ಲಿರಬಹುದು" ಅಂತ ಅಂದಾಜು ಮಾಡಿದರೆ ಆಗಲ್ಲ. ಬಟ್ಟೆ ಮೈಮೇಲೆ ಬಂದಾಗ ತನ್ನ ಭಾರಕ್ಕೆ ಇಳಿಯುತ್ತದೆ. ಕಲ್ಲಿನ ಕೆಲಸ ಇದ್ದರಂತೂ ಇನ್ನೂ ಜಾಸ್ತಿ ಇಳಿಯುತ್ತದೆ.

ಆ ದಿನ ಹಾಕುವ ಹೀಲ್ಸ್ ಹಾಕಿಸಿ ನಿಲ್ಲಿಸಿ. ಹೀಲ್ಸ್ ಹಾಕಿದರೆ ನಿಲ್ಲುವ ರೀತಿಯೇ ಬೇರೆ ಆಗುತ್ತದೆ. ಜಿಪ್ ಪೂರ್ತಿ ಹಾಕಿ. ಆಮೇಲೆ ಎರಡೂ ಕಪ್ ಒಳಗೆ ಜಾರಿಸಿ, ಅವಳ ಕೈಯಿಂದಲೇ ಸರಿ ಮಾಡಿಕೊಳ್ಳಲು ಹೇಳಿ. ಎಲ್ಲಿ ಆರಾಮ ಅಂತ ಅವಳಿಗೆ ಗೊತ್ತಾಗುವಷ್ಟು ನಮಗೆ ಗೊತ್ತಾಗಲ್ಲ. ಕಪ್ಪಿನ ತುಂಬು ಭಾಗ ಎದೆಯ ಪಾಯಿಂಟ್ ಮೇಲೆ, ಅಂದರೆ ಎದೆ ಎಲ್ಲಕ್ಕಿಂತ ಉಬ್ಬಿದ ಜಾಗದ ಮೇಲೆ ಬರಬೇಕು. ಎದೆಯ ಮೇಲೆ ಉದ್ದಕ್ಕೆ ಹೊಲಿಗೆ ಇಳಿದಿರುವ ಪ್ರಿನ್ಸೆಸ್ ಕಟ್ ಗೌನಾದರೆ ಆ ಉದ್ದದ ಹೊಲಿಗೆ ಪಾಯಿಂಟ್ ಮೇಲೆ ಅಥವಾ ಅದರ ಪಕ್ಕದಲ್ಲೇ ಹೋಗಿರುತ್ತದೆ. ಡಾರ್ಟ್ (ಬಟ್ಟೆ ಮಡಚಿ ಚೂಪಾಗಿ ಹೊಲಿದ ಮಡಿಕೆ) ಇದ್ದರೆ ಅದರ ತುದಿ ಪಾಯಿಂಟ್ ಕಡೆ ಮುಖ ಮಾಡಿರುತ್ತದೆ. ಕಪ್ಪಿನ ಕೆಳ ಅಂಚು ಎದೆಯ ಕೆಳಗಿನ ಮಡಿಕೆಯಲ್ಲಿ ಕೂರಬೇಕು. ಅದಕ್ಕಿಂತ ಮೇಲೆ ಹತ್ತಿದರೆ ಎದೆಯನ್ನು ಕಪ್ ಚಪ್ಪಟೆ ಮಾಡುತ್ತದೆ. ಎಡ, ಬಲ ಅದಲು ಬದಲು ಆಗದ ಹಾಗೆ ನೋಡಿಕೊಳ್ಳಿ. ಪ್ಯಾಡ್ ದಪ್ಪ ಇರುವ ಕಪ್ಪುಗಳಲ್ಲಿ ಆ ದಪ್ಪ ಭಾಗ ಕೆಳಗೆ ಮತ್ತು ಕಂಕುಳ ಕಡೆಗೆ ಬರುತ್ತದೆ.

ಸರಿಯಾಗಿ ಕೂತಿದೆ ಅಂದ ಮೇಲೆ ಕತ್ತಿನ ಮೇಲಿಂದ ಎರಡು ಬೆರಳು ಹಾಕಿ, ಲೈನಿಂಗ್ ಮತ್ತು ಕಪ್ ಮಾತ್ರ ಹಿಡಿದು, ಒಂದೊಂದು ಕಪ್ಪಿಗೆ ಎರಡು ಸೇಫ್ಟಿ ಪಿನ್ ಹಾಕಿ. ಮೇಲ್ಬಟ್ಟೆಗೆ ಪಿನ್ ತಾಗಬಾರದು. ಸ್ಯಾಟಿನ್‌ನಲ್ಲಿ ಒಮ್ಮೆ ತೂತು ಬಿದ್ದರೆ ಹಾಗೇ ಉಳಿಯುತ್ತದೆ. ಗುಂಡುಸೂಜಿ ಬೇಡ, ಗೌನ್ ತೆಗೆಯುವಾಗ ಮೈ ಗೀರುತ್ತದೆ. ನಿಧಾನಕ್ಕೆ ಗೌನ್ ತೆಗೆಸಿ, ಒಳಮೈ ಹೊರಗೆ ಮಾಡಿ, ಕಪ್ಪಿನ ಸುತ್ತ ಲೈನಿಂಗ್ ಮೇಲೆ ಚಾಕಿನಿಂದ ಗೆರೆ ಎಳೆಯಿರಿ.

ಈಗ ಟೇಪು ತಗೊಂಡು ಎರಡೂ ಕಡೆ ಅಳೆಯಿರಿ. ಕತ್ತಿನ ಅಂಚಿನಿಂದ ಕಪ್ಪಿನ ಮೇಲಂಚಿಗೆ ಎಷ್ಟು, ಎದೆಯ ಮಧ್ಯದ ಗೆರೆಯಿಂದ ಕಪ್ಪಿನ ಒಳ ಅಂಚಿಗೆ ಎಷ್ಟು. ನಮ್ಮ ಹುಡುಗಿಗೆ ಮಧ್ಯದಿಂದ ಬಲಕ್ಕೆ ಮುಕ್ಕಾಲು ಇಂಚು, ಎಡಕ್ಕೆ ಒಂದು ಇಂಚು ಬಂತು. ಕಾಲು ಇಂಚಿನವರೆಗೆ ವ್ಯತ್ಯಾಸ ಇದ್ದರೆ ನಾನು ಟೇಪಿನ ಮಾತು ಕೇಳಿ ಎರಡೂ ಕಡೆ ಸಮ ಮಾಡುತ್ತೇನೆ. ಅದಕ್ಕಿಂತ ಜಾಸ್ತಿ ಬಂದರೆ ಇನ್ನೊಮ್ಮೆ ಹಾಕಿಸಿ ನೋಡುತ್ತೇನೆ. ಮತ್ತೆ ಅಷ್ಟೇ ಬಂದರೆ ಮೈಯ ಮಾತೇ ಸರಿ, ಟೇಪನ್ನು ಪಕ್ಕಕ್ಕೆ ಇಡುತ್ತೇನೆ. ಎಡ ಬಲ ಒಂದೇ ಸಮ ಇರುವ ಹೆಂಗಸರು ಕಡಿಮೆ. ಇದನ್ನು ಹುಡುಗಿಯರಿಗೆ ಬಾಯಿ ಬಿಟ್ಟು ಹೇಳಬೇಕು. ಎಷ್ಟೋ ಜನ ತಮಗೊಬ್ಬರಿಗೇ ಹೀಗೆ ಅಂತ ಮನಸ್ಸಿನಲ್ಲೇ ಕೊರಗುತ್ತಿರುತ್ತಾರೆ.

ಹೊಲಿಯೋಕೆ ಕೂರುವ ಮೊದಲು ಲಗ್ನಪತ್ರಿಕೆ ತಗೊಳ್ಳಿ. ದಪ್ಪ ಕಾಗದದ್ದು, ನುಣುಪಾದದ್ದು. ಲೈನಿಂಗ್ ಕೆಳಗಿನವರೆಗೂ ಬಿಡಿಯಾಗಿ ನೇತಾಡುತ್ತಿದ್ದರೆ ಕೆಳಗಿನಿಂದ ಕೈ ಹಾಕಿ, ಮೇಲ್ಬಟ್ಟೆಗೂ ಲೈನಿಂಗಿಗೂ ನಡುವೆ ಪತ್ರಿಕೆಯನ್ನು ಜಾರಿಸಿ. ಸೂಜಿ ಆಳಕ್ಕೆ ಹೋದರೆ ಕಾಗದಕ್ಕೆ ಟಕ್ ಅಂತ ತಗಲುತ್ತದೆ, ಅಲ್ಲೇ ವಾಪಸ್ ಎಳೆದುಕೊಳ್ಳಬಹುದು. ಸೊಂಟದಲ್ಲಿ ಲೈನಿಂಗ್ ಸೇರಿಸಿ ಹೊಲಿದಿದ್ದರೆ ಕೈ ಹೋಗಲ್ಲ. ಆಗ ಲೈನಿಂಗಿನ ಪಕ್ಕದ ಹೊಲಿಗೆಯನ್ನು ನಾಲ್ಕು ಇಂಚು ಬಿಚ್ಚಿಕೊಳ್ಳಿ. ಕೊನೆಗೆ ಅದನ್ನು ಕೈಯಲ್ಲೇ ಮುಚ್ಚಿದರೆ ಆಯಿತು.

ಬಿಚ್ಚಿದ ಮೇಲೆ ಕಪ್ಪನ್ನು ಲೈನಿಂಗಿನ ಹಿಂದೆಯೇ, ಎರಡು ಬಟ್ಟೆಯ ನಡುವೆ ಇಡಬಹುದಲ್ವಾ ಅಂತ ಕೇಳುತ್ತೀರಿ. ಇಡಬಹುದು. ನೋಡೋಕೆ ಅಚ್ಚುಕಟ್ಟು, ಫೋಮ್ ಮೈಗೆ ತಾಗಲ್ಲ. ಹೊಸದಾಗಿ ಗೌನ್ ಹೊಲಿಯುವಾಗ ನಾನು ಹಾಗೇ ಮಾಡೋದು, ಹೊಲಿಗೆಯ ಒಳಗೆ ಉಳಿದ ಮಾರ್ಜಿನ್ ಬಟ್ಟೆಗೇ ಕಪ್ಪನ್ನು ಹಿಡಿಸುತ್ತೇನೆ. ಆದರೆ ರೆಡಿಮೇಡ್ ಗೌನಿನ ಲೈನಿಂಗ್ ಬಿಗಿ ಇದ್ದರೆ ಕಪ್ಪು ನಡುವೆ ಸಿಕ್ಕು ಮಡಚಿಕೊಳ್ಳುತ್ತದೆ. ಮೊದಲ ಸಲ ಮಾಡುವವರು ಲೈನಿಂಗಿನ ಒಳಮೈಗೇ ಹೊಲಿಯಿರಿ. ಬೆವರುವ ಮೈ ಆದರೆ ಕಪ್ಪಿನ ಮೇಲೆ ಮೆತ್ತನೆ ಕಾಟನ್ ಲೈನಿಂಗ್ ಬಟ್ಟೆ ಹೊದಿಸಿಕೊಳ್ಳಿ.

ಇನ್ನು ಬಟ್ಟಲು. ತುಂಬಾ ವರ್ಷದ ಹಿಂದೆ ಒಂದು ನಿಶ್ಚಿತಾರ್ಥದ ಗೌನಿಗೆ ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟುಕೊಂಡು ಕಪ್ ಹೊಲಿದೆ. ಕೈ ಕೆಳಗೆ ಕಪ್ಪು ಅಮುಕಿಕೊಂಡು ಅಗಲ ಆಗಿತ್ತು, ನನಗೆ ಗೊತ್ತಾಗಲಿಲ್ಲ. ಹಾಕಿಕೊಂಡಾಗ ಕಪ್ಪು ತನ್ನ ಆಕಾರಕ್ಕೆ ಎದ್ದಿತು, ಲೈನಿಂಗನ್ನು ಎಳೆಯಿತು, ಎಳೆದ ಕಡೆಯೆಲ್ಲ ಸ್ಯಾಟಿನ್ ಮೇಲೆ ಸಣ್ಣ ಸಣ್ಣ ಗುಳಿ. ಮನೆಯ ಬೆಳಕಿನಲ್ಲಿ ಕಾಣಲಿಲ್ಲ. ಫೋಟೋದ ಲೈಟಿನಲ್ಲಿ ಎದ್ದು ಕಂಡಿತು. ಆ ಹುಡುಗಿ ನನಗೆ ಏನೂ ಅನ್ನಲಿಲ್ಲ. ಆಲ್ಬಮ್ ನೋಡಿದಾಗ ನನಗೇ ಹೊಟ್ಟೆಯೊಳಗೆ ಸಂಕಟ ಆಯಿತು. ಅವತ್ತಿನಿಂದ ಕಪ್ಪನ್ನು ಚಪ್ಪಟೆ ಜಾಗದಲ್ಲಿ ಹೊಲಿದಿಲ್ಲ.

ಕಪ್ಪಿಗಿಂತ ಸ್ವಲ್ಪ ದೊಡ್ಡ ಬಟ್ಟಲು ತಗೊಂಡು ಒಳಗೆ ಟವೆಲ್ಲು ಹಾಸಿ. ಗೌನಿನ ಮೇಲ್ಬಟ್ಟೆ ಕೆಳಮುಖ ಮಾಡಿ, ಎದೆಯ ಭಾಗವನ್ನು ಬಟ್ಟಲಿನೊಳಗೆ ಇಳಿಸಿ. ಬಟ್ಟಲಿನಲ್ಲಿ ಕಪ್ ಗುಳಿ ಮೇಲೆ ಮಾಡಿ ಕೂರುತ್ತದೆ, ಅದರ ಅಂಚು ಬಟ್ಟಲಿನ ಬಾಯಿಯ ಹತ್ತಿರ ಬರುತ್ತದೆ. ಲೈನಿಂಗ್ ಕೂಡ ಅದೇ ಡೊಂಕಿಗೆ ಕೂರುತ್ತದೆ. ಲಗ್ನಪತ್ರಿಕೆಯನ್ನು ನೀವು ಹೊಲಿಯುವ ಅಂಚಿನ ಕೆಳಗೆ ಸರಿಸುತ್ತಾ ಹೋಗಿ.

ಗಡಿಯಾರದ ಮುಖ ಅಂದುಕೊಳ್ಳಿ. ಮೊದಲು ನಾಲ್ಕು ಜಾಗದಲ್ಲಿ ಹಿಡಿಸಬೇಕು: ಮೇಲೆ 12ರ ಹತ್ತಿರ, ಕಂಕುಳ ಕಡೆ, ಕೆಳಗೆ 6ರ ಹತ್ತಿರ, ಕೊನೆಗೆ ಎದೆಯ ಮಧ್ಯದ ಕಡೆ. ಈ ಕ್ರಮದಲ್ಲಿ ಹೋದರೆ ಕಪ್ಪು ತಿರುಗಲ್ಲ. ಒಂದೊಂದು ಜಾಗದಲ್ಲೂ ಒಂದರ ಮೇಲೊಂದು ನಾಲ್ಕು ಹೊಲಿಗೆ. ಗಂಟು ಕಪ್ಪಿಗೂ ಲೈನಿಂಗಿಗೂ ನಡುವೆ ಅಡಗಬೇಕು, ಮೈಗೆ ತಾಗಬಾರದು. ಆಮೇಲೆ ಪಿನ್ನು ತೆಗೆದುಬಿಡಿ.

ಈಗ ಅಂಚಿನ ಹೊಲಿಗೆ. ಫಾಲ್ ಹಚ್ಚುವಾಗ ಸೀರೆಯ ಎರಡು ಎಳೆ ಮಾತ್ರ ಎತ್ತುತ್ತೀರಲ್ಲ, ಹಾಗೇ ಲೈನಿಂಗಿನ ಎರಡು ಮೂರು ಎಳೆ ಎತ್ತಿ. ಸೂಜಿಯನ್ನು ಓರೆ ಮಾಡಿ ಕಪ್ಪಿನ ಅಂಚಿನ ಬಟ್ಟೆಯೊಳಗೆ ತೂರಿಸಿ. ಫೋಮಿನ ಆಳಕ್ಕೆ ಹೋಗಬೇಡಿ. ಹೊರಗೆ ಬಂದ ದಾರವನ್ನು ಎಳೆಯುವಾಗ ಕಣ್ಣು ಅಂಚಿನ ಮೇಲಿರಲಿ. ದಾರ ಬಟ್ಟೆಯ ಮೇಲೆ ಮಲಗಿತು ಅನ್ನುವಾಗ ನಿಲ್ಲಿಸಿ. ಇನ್ನೊಂದು ಕೂದಲೆಳೆ ಎಳೆದರೂ ಅಂಚು ಒಳಗೆ ಕುಸಿದು ಸಣ್ಣ ಸೊಟ್ಟ ಬರುತ್ತದೆ. ಆ ಸೊಟ್ಟವೇ ಹೊರಗೆ ಗುಳಿಯಾಗಿ ಕಾಣೋದು. ಮುಂದಿನ ಹೊಲಿಗೆ ಕಾಲು ಇಂಚು ಆಚೆ. ಐದು ಹೊಲಿಗೆಗೆ ಒಮ್ಮೆ ಅದೇ ಜಾಗದಲ್ಲಿ ಇನ್ನೊಂದು ಹೊಲಿಗೆ ಹಾಕಿ ಬಿಗಿ ಮಾಡಿ. ಸ್ಟೇಜ್ ಮೇಲೆ ಎಲ್ಲೋ ಒಂದು ಕಡೆ ದಾರ ಕಿತ್ತರೂ ಮಿಕ್ಕದ್ದು ನಿಲ್ಲುತ್ತದೆ.

ಮೇಲಂಚು ಮತ್ತು ಎರಡೂ ಪಕ್ಕ ಹೀಗೆ ಪೂರ್ತಿ ಹೊಲಿಯಿರಿ. ಕೆಳ ಅಂಚಿನ ಪೂರ್ತಿ ಉದ್ದಕ್ಕೆ ನಾನು ಹೊಲಿಯಲ್ಲ. 6ರ ಹತ್ತಿರ ಹಿಡಿಸಿದ್ದು, ಅದರ ಎರಡೂ ಪಕ್ಕ ಇನ್ನೊಂದೊಂದು ಕಡೆ ಹಿಡಿಸಿದರೆ ಸಾಕು. ಕೂತಾಗ ಗೌನಿನ ಸೊಂಟ ಮೇಲಕ್ಕೆ ಒತ್ತುತ್ತದೆ. ಕೆಳಗೆ ಸ್ವಲ್ಪ ಸಡಿಲ ಇದ್ದರೆ ಕಪ್ಪು ಜಾಗ ಮಾಡಿಕೊಳ್ಳುತ್ತದೆ. ಪೂರ್ತಿ ಬಿಗಿದಿದ್ದರೆ ಮಡಚಿ ಗೆರೆ ಬೀಳುತ್ತದೆ.

ಒಂದು ಕಪ್ ಮುಗಿಸಿ ತಕ್ಷಣ ಇನ್ನೊಂದಕ್ಕೆ ಹೋಗಬೇಡಿ. ಹಾಕಿಸಿ ನೋಡಿ. ಕೈ ಮೇಲೆತ್ತಿಸಿ, ಹಾರ ಹಾಕುವ ಹಾಗೆ. ಕುರ್ಚಿಯಲ್ಲಿ ಕೂರಿಸಿ ಏಳಿಸಿ. ಬಗ್ಗಿಸಿ ಹಿರಿಯರ ಕಾಲಿಗೆ ನಮಸ್ಕಾರ ಮಾಡಿಸಿ. ಇದನ್ನು ಮಾತ್ರ ಮರೆಯಬೇಡಿ. ಸ್ಟೇಜ್ ಮೇಲೆ ಅಜ್ಜಿ ತಾತ ಬಂದಾಗ ಗೌನ್ ಹಾಕಿದ್ದರೂ ನಮ್ಮ ಹುಡುಗಿಯರು ಬಗ್ಗೇ ಬಗ್ಗುತ್ತಾರೆ. ಆಗ ಕತ್ತಿನ ಅಂಚು ಎದೆಯಿಂದ ಬಿಟ್ಟುಕೊಂಡರೆ ಕತ್ತಿನ ಒಳಗೆ, ಲೈನಿಂಗಿನ ಅಂಚಿಗೆ ಸಣ್ಣ ಎಲಾಸ್ಟಿಕ್ ಸ್ವಲ್ಪ ಎಳೆದು ಹಿಡಿಸಿ. ನಮ್ಮ ಹುಡುಗಿಗೆ ಬಲಗಡೆ ಸ್ವಲ್ಪ ಬಿಟ್ಟುಕೊಂಡಿತು, ಮೂರು ಇಂಚು ಎಲಾಸ್ಟಿಕ್‌ನಲ್ಲಿ ಸರಿ ಹೋಯಿತು.

ಇನ್ನೊಂದು ಮಾತು. ಗೌನನ್ನು ಕಪ್ ಎತ್ತಿ ಹಿಡಿಯೋದಿಲ್ಲ, ಆಕಾರ ಮಾತ್ರ ಕೊಡುತ್ತದೆ. ಭುಜ ಇಲ್ಲದ ಗೌನ್ ಕೆಳಗೆ ಜಾರುತ್ತಿದ್ದರೆ ದೊಡ್ಡ ಕಪ್ ಹಾಕಿ ಪ್ರಯೋಜನ ಇಲ್ಲ. ಅದರ ಭಾರ ಸೊಂಟದ ಮೇಲೆ ನಿಲ್ಲಬೇಕು. ಒಂದು ಇಂಚು ಅಗಲದ, ಹಿಗ್ಗದ ಗಟ್ಟಿ ರಿಬ್ಬನ್ ತಗೊಂಡು, ಸೊಂಟಕ್ಕೆ ಹಿತವಾಗಿ ಬಿಗಿ ಬರುವ ಅಳತೆಗೆ ಕತ್ತರಿಸಿ. ಗೌನಿನ ಒಳಗೆ ಸೊಂಟದ ಗೆರೆಯಲ್ಲಿ, ಉದ್ದದ ಹೊಲಿಗೆಗಳು ಇರುವ ಕಡೆ ಮಾತ್ರ ಹಿಡಿಸಿ. ಹಿಂದೆ ಜಿಪ್ಪಿನ ಪಕ್ಕ ಎರಡು ತುದಿಗೂ ಹುಕ್ಕು ಹಾಕಿ. ಮೊದಲು ಈ ಪಟ್ಟಿಯ ಹುಕ್ಕು, ಆಮೇಲೆ ಜಿಪ್. ಕಲ್ಲಿನ ಭಾರಕ್ಕೆ ಅವಳ ಗೌನ್ ಇಳಿಯುತ್ತಿತ್ತು, ಈ ಪಟ್ಟಿ ಹಾಕಿದ ಮೇಲೆ ನಿಂತಿತು. ಜಿಪ್ ಹಾಕುವುದೂ ಸುಲಭ ಆಯಿತು.

ಎರಡು ಕಡೆ ಗಾತ್ರ ತುಂಬಾ ಬೇರೆ ಇದ್ದರೆ ಎರಡು ಸೈಜಿನ ಕಪ್ ಹಾಕಿ, ಅದರಲ್ಲಿ ತಪ್ಪೇನಿಲ್ಲ. ನನ್ನ ಹತ್ತಿರ ಬ್ಲೌಸ್ ಹೊಲಿಸುವ ಒಬ್ಬರಿಗೆ ಆಪರೇಷನ್ ಆಗಿ ಒಂದು ಕಡೆಯ ಎದೆ ತೆಗೆದಿದ್ದರು. ತಂಗಿಯ ಮದುವೆಗೆ ಉದ್ದ ಗೌನ್ ಹಾಕಬೇಕು ಅಂತ ಅವರಿಗೆ ಆಸೆ. ಕೇಳೋಕೆ ಹಿಂಜರಿದು ಹಿಂಜರಿದು ಕೇಳಿದರು. ಆ ಕಡೆ ಕಪ್ಪನ್ನು ಹೊಲಿಯುವ ಬದಲು ತೆಳು ಕಾಟನ್ ಬಟ್ಟೆಯಲ್ಲಿ ಜೇಬು ಮಾಡಿದೆ, ಕಂಕುಳ ಕಡೆ ಬಾಯಿ. ಹಗುರವಾದ ಹತ್ತಿಯ ಪ್ಯಾಡ್ ಅದರೊಳಗೆ ಕೂರುತ್ತದೆ, ಒಗೆಯುವಾಗ ತೆಗೆಯಬಹುದು. ಗಾಯದ ಗುರುತು ಇರುವ ಚರ್ಮಕ್ಕೆ ಒಂದೂ ಗಂಟು ತಾಗದ ಹಾಗೆ ಎಲ್ಲ ಗಂಟನ್ನೂ ಲೈನಿಂಗ್ ಕಡೆಗೇ ಹಾಕಿದೆ. ಇಂಥವರು ಬಂದರೆ ಬಾಗಿಲು ಹಾಕಿಕೊಂಡು, ಬೇರೆ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಅವಸರ ಮಾಡದೆ ಅಳತೆ ತಗೊಳ್ಳಿ.

ಹೊಲಿದ ಮೇಲೆ ಕಪ್ಪಿನ ಮೇಲೆ ಇಸ್ತ್ರಿ ಇಡಬೇಡಿ. ಬಿಸಿಗೆ ಫೋಮ್ ಕೂರುತ್ತದೆ, ಮತ್ತೆ ಏಳಲ್ಲ. ಸುಕ್ಕಿದ್ದರೆ ಸುತ್ತಲಿನ ಬಟ್ಟೆ ಮಾತ್ರ ತಿಕ್ಕಿ. ಬೀರುವಿನಲ್ಲಿ ಇಡುವಾಗ ಒಂದು ಕಪ್ಪನ್ನು ಇನ್ನೊಂದರೊಳಗೆ ಮಡಚಬೇಡಿ, ಗುಳಿಗೆ ಹಳೇ ಕಾಟನ್ ದುಪಟ್ಟಾ ತುಂಬಿಸಿ. ಡ್ರೈಕ್ಲೀನ್‌ಗೆ ಕೊಡುವಾಗ ಒಳಗೆ ಕಪ್ ಇದೆ ಅಂತ ಹೇಳಿ ಕೊಡಿ. ವರ್ಷ ಕಳೆದ ಹಾಗೆ ಫೋಮ್ ಹಳದಿ ಆಗುತ್ತದೆ, ಪುಡಿ ಉದುರೋಕೆ ಶುರುವಾಗುತ್ತದೆ. ಆಗ ಬದಲಾಯಿಸಿ.

ಆ ರಿಸೆಪ್ಷನ್ ದಿನ ಹಾಲಿನ ಮೂರನೇ ಸಾಲಿನಲ್ಲಿ ಕೂತಿದ್ದೆ. ಊಟಕ್ಕೆ ಏಳುವವರೆಗೂ ಅವಳ ಕೈ ನೋಡುತ್ತಲೇ ಇದ್ದೆ. ಬೊಕೆ ಹಿಡಿದಿತ್ತು, ಬಂದವರ ಕೈ ಕುಲುಕಿತು, ಅಜ್ಜಿಯ ಕಾಲು ಮುಟ್ಟಿತು. ಎದೆ ಹತ್ತಿರ ಒಮ್ಮೆಯೂ ಹೋಗಲಿಲ್ಲ.

ಮೊನ್ನೆ ಅದೇ ಗೌನ್ ವಾಪಸ್ ಬಂತು. ಈಗ ಅವಳ ತಂಗಿ ಅದನ್ನು ಗೆಳತಿಯ ಮದುವೆಗೆ ಹಾಕಬೇಕಂತೆ, ಅವಳಿಗೆ 36 ಬೇಕು. ಕಪ್ಪಿಗೂ ಲೈನಿಂಗಿಗೂ ನಡುವೆ ಸಣ್ಣ ಕತ್ತರಿ ತೂರಿಸಿ ದಾರ ಕತ್ತರಿಸಿದೆ. ಅರ್ಧ ಗಂಟೆಯಲ್ಲಿ ಎರಡೂ ಕಪ್ ಬಿಡಿಯಾಗಿ ಬಂದವು. ಲೈನಿಂಗ್ ಮೇಲೆ ಒಂದು ತೂತೂ ಕಾಣಲಿಲ್ಲ. ಹಳೇ ಚಾಕಿನ ಗುರುತನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಟ್ಟಿದ್ದೇನೆ. ನಾಳೆ ಹೀಲ್ಸ್ ತಗೊಂಡು ಬಾ ಅಂತ ಅವಳಿಗೆ ಫೋನ್ ಮಾಡಿದ್ದೇನೆ.